ಹೊಟ್ಟೆ ಸೀಳಿದ ಷ

ನ್ಯಾಯಾಲಯದ ಕಡತಗಳ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಗದ ಹೊಲಿಯುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಉಳಿದ ದಿನವೆಲ್ಲ ಆಕೆ ದಬ್ಬಳದಕ್ಕ. ಮೊಕದ್ದಮೆಯ ಹಾಳೆಗಳ ಅಂಚು ಕೂಡಿಸಿ, ದಬ್ಬಳದಿಂದ ಮೂರು ತೂತು ಚುಚ್ಚಿ, ದಾರ ಎಳೆದು ಗಂಟು ಹಾಕುವುದು ಅವಳ ಕೆಲಸ. ಓದುವುದು ಅವಳ ಕೆಲಸವಲ್ಲ. ಆದರೆ ಓದದೆ ಒಂದು ಹಾಳೆಯನ್ನೂ ಚುಚ್ಚಿದವಳಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಹಸಿವು ಅದು, ಏನು ಮಾಡುವುದು ಹೇಳಿ.

ಆ ದಿನ ಕೈಗೆ ಬಂದದ್ದು ಕಣ್ಣು ಮಂಜಾದ ನಿವೃತ್ತ ಟೀಚರಮ್ಮನ ಮೊಕದ್ದಮೆ. ಪಿಂಚಣಿ ಕಚೇರಿಯವನೆಂದು ಬಂದ ಒಬ್ಬ ಮಹಾಶಯ, ಫಾರಂ ಎಂದು ಹೇಳಿ ಮನೆ ಬರೆದುಕೊಡುವ ಪತ್ರಕ್ಕೆ ಅವರ ಸಹಿ ಹಾಕಿಸಿಕೊಂಡಿದ್ದ. ಮನೆಯೇನೋ ಉಳಿಯಿತು, ಅಪರಾಧವೂ ಸಾಬೀತಾಯಿತು. ಶಿಕ್ಷೆ ಎಷ್ಟೆಂದು ಮರುದಿನ ಹೇಳಬೇಕಿತ್ತು. ಮೊದಲ ತಪ್ಪು, ಬುದ್ಧಿ ಹೇಳಿ ಬಿಟ್ಟುಬಿಡಿ ಎಂದು ಅವನ ವಕೀಲರು ಕೇಳಿಕೊಂಡಿದ್ದರು. ಬಿಟ್ಟರೆ ಅವನು ಇನ್ನೊಂದು ಹಿರಿಜೀವದ ಬಾಗಿಲು ತಟ್ಟುತ್ತಾನೆ, ಇನ್ನೇನು.

ಫಾರಂ ಸಿಕ್ಕಿತೆಂದು ಅವನೇ ಟೀಚರಮ್ಮನಿಗೆ ಬರೆದುಕೊಟ್ಟಿದ್ದ ಚೀಟಿಯ ಕೊನೆಯ ಸಾಲಿನ ಹತ್ತಿರ ದಬ್ಬಳ ನಿಂತಿತು. 'ಇಂತಿ ನಿಮ್ಮ ವಿಷ್ವಾಸಿ.' ವಿಶ್ವಾಸದೊಳಗೇ ವಿಷ ಇಟ್ಟ ಪುಣ್ಯಾತ್ಮ. ದಬ್ಬಳದಕ್ಕನಿಗೆ ನಗು ಬಂತು, ಮರುಕ್ಷಣ ನೆನಪಾಯಿತು. ಇದೇ ಪದ, ಇದೇ ಹೊಟ್ಟೆ ಸೀಳಿದ ಷ, ಕಿವಿ ಕೇಳದ ಅಜ್ಜನೊಬ್ಬನಿಗಾದ ಮೋಸದ ಕಡತದಲ್ಲೂ ಇತ್ತು. ಅವಳ ಮಗಳು ಹುಟ್ಟಿದ ವರ್ಷ ಹೊಲಿದ ಕಡತ ಅದು.

ಅವಳು ಹೇಳಿದ್ದು ಕೇಳಿ ಹೆಡ್ ಗುಮಾಸ್ತರು ಕನ್ನಡಕ ಹಣೆಗೇರಿಸಿದರು. "ಕಾಗುಣಿತ ತಪ್ಪೋರೆಲ್ಲ ಕಳ್ರೇನಮ್ಮಾ? ಹಾಗಾದ್ರೆ ಮೊದ್ಲು ನನ್ನೇ ಒಳಗೆ ಹಾಕ್ಬೇಕು."

"ನಿಮ್ದು ಬರೀ ಕಾಗುಣಿತ ಸಾರ್, ಇವಂದು ಗುಣಾನೇ ತಪ್ಪಿದೆ."

"ಆ ಹೆಸ್ರಲ್ಲಿ ಹಳೇ ಕೇಸ್ ಯಾವ್ದೂ ಇಲ್ವಲ್ಲ."

"ಹೆಸ್ರು ಬದಲಾಯಿಸ್ಕೊಂಡಿರ್ತಾನೆ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ. ಹಳೇ ಕೋಣೆ ಬೀಗದ ಕೈ ಕೊಡಿ ಸಾರ್."

ಧೂಳಿಗೆ ಸೀನಿ ಸೀನಿ ಸಾಕಾದ ಮೇಲೆ, ನಾಲ್ಕನೇ ಕಪಾಟಿನ ಅಡಿಯಲ್ಲಿ ತನ್ನದೇ ಗಂಟು ಕಣ್ಣಿಗೆ ಬಿತ್ತು. ಬೇರೆ ಹೆಸರು, ಅದೇ ವಿಷ್ವಾಸಿ. ಸರ್ಕಾರಿ ವಕೀಲರು ಎರಡೂ ಚೀಟಿ ನೋಡಿ, ಒಂದು ವಾರ ಸಮಯ ಕೇಳಿ, ಬೆರಳಚ್ಚು ಹೋಲಿಕೆ ಮಾಡಿಸಿದರು. ಆಸಾಮಿ ಒಬ್ಬನೇ.

"ಕೇಳಿಸದವರನ್ನು, ಕಾಣದವರನ್ನು ಹುಡುಕಿಕೊಂಡು ಹೋಗಿ ಎರಡನೇ ಸಲವೂ ಮಾಡಿದ್ದೀಯ. ಇದನ್ನು ಮೊದಲ ತಪ್ಪಿನ ತಕ್ಕಡಿಯಲ್ಲಿ ತೂಗಲು ಕಾನೂನು ಬಿಡುವುದಿಲ್ಲ" ಎಂದರು ನ್ಯಾಯಾಧೀಶರು. ಹಿಂದಿನ ಸಲ ಮೂರು ತಿಂಗಳು ಕಂಡಿದ್ದವನಿಗೆ ಈ ಸಲ ಏಳು ವರ್ಷ.

ಹೊರಗಿನ ಬೆಂಚಿನ ಮೇಲೆ ಟೀಚರಮ್ಮ ತಲೆ ತಗ್ಗಿಸಿ ಕೂತಿದ್ದರು. ತೀರ್ಪು ಕೇಳಿಯೂ ಮುಖ ಅರಳಿರಲಿಲ್ಲ. ಅರಳುಮರಳು ಎಂದು ಬೀದಿಯವರು ಆಡಿದ ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತ್ತು. "ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದೋಳು ನಾನು. ಇವನ ಕಾಗದಕ್ಕೆ ಸುಮ್ನೆ ಸಹಿ ಹಾಕ್ಬಿಟ್ನಲ್ಲ."

ದಬ್ಬಳದಕ್ಕ ಚೀಟಿಯ ನಕಲು ತಂದಿದ್ದಳು. "ಕಣ್ಣು ಕಂಡಿದ್ರೆ ನೀವು ಅವತ್ತೇ ಹಿಡೀತಿದ್ರಿ ಟೀಚರಮ್ಮ. ಅವನು ಸಿಕ್ಕಿಬಿದ್ದಿದ್ದೇ ಕಾಗುಣಿತಕ್ಕೆ." ಅವರ ಬೆರಳು ಹಿಡಿದು ಆ ಅಕ್ಷರದ ಮೇಲಿಟ್ಟಳು.

ಟೀಚರಮ್ಮ ಚೀಲ ತಡಕಿ ಕೆಂಪು ಪೆನ್ನು ತೆಗೆದರು. ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಬೆರಳಿನ ಅಳತೆಯಲ್ಲೇ ಷಕ್ಕೆ ಸುತ್ತು ಹಾಕಿ, ಮೇಲೆ ಸೊಟ್ಟಗೆ ಒಂದು ಶ ಬರೆದರು. ಈಗ ತಲೆ ಎತ್ತಿದರು.

"ನೀನು ಎಷ್ಟನೇ ಕ್ಲಾಸಮ್ಮಾ?"

"ಏಳಕ್ಕೇ ಬಿಟ್ಟೆ ಟೀಚರಮ್ಮ. ಪರೀಕ್ಷೆನೂ ಬರೀಲಿಲ್ಲ."

ಅವರು ಹಾಳೆ ತಿರುವಿ, ತಡವಿ ತಡವಿ ಬರೆದರು: ನೂರಕ್ಕೆ ನೂರು. ಕೆಳಗೆ ತಮ್ಮ ಸಹಿ ಹಾಕಿದರು.

ದಬ್ಬಳದಕ್ಕ ಯಾವ ಕಡತಕ್ಕೂ ಹೊಲಿಯದೆ ಮನೆಗೆ ಒಯ್ದ ಹಾಳೆ ಅದೊಂದೇ.