ಅರಮನೆಯಲ್ಲಿ ಅಡಗಿದ ಅವ್ವ

ಶುಂಠಿ ಕಿತ್ತು ಮುಗಿದಿದ್ದರೂ ಅಪ್ಪನಿಗೆ ಹೊಲ ಬಿಟ್ಟು ಹೊರಡುವ ಮನಸ್ಸಿರಲಿಲ್ಲ. ಅವ್ವ ಹಾಸನದ ಕಡೆಯಿಂದ ಮದುವೆಯಾಗಿ ಕುಶಾಲನಗರದ ಪಕ್ಕದ ನಮ್ಮೂರಿಗೆ ಬಂದು ನಲವತ್ತು ವರ್ಷವಾದರೂ ನಾಲ್ಕುನಾಡು ಅರಮನೆ ನೋಡಿರಲಿಲ್ಲ. "ನೀವ್ ಬರದಿದ್ರೆ ಬಿಡಿ, ನಾನೂ ಮಗಳೂ ಹೋಗ್ತೀವಿ" ಎಂದು ಅವಳು ಸೀರೆಯುಟ್ಟು ನಿಂತ ಮೇಲೆಯೇ ಅಪ್ಪ ಶರ್ಟು ಬದಲಿಸಿದ್ದು.

ನಾಪೋಕ್ಲು ದಾಟಿ ಕಕ್ಕಬ್ಬೆಯಲ್ಲಿ ಬಸ್ಸಿಳಿದು ಜೀಪು ಹತ್ತಿದೆವು. ಹಿಂದಿನ ವಾರ ಮಳೆ ಬಿದ್ದು ತೋಟಗಳಲ್ಲೆಲ್ಲ ಕಾಫಿ ಹೂ ಬಿರಿದಿತ್ತು. ಬೆಟ್ಟದ ಬುಡದಲ್ಲಿ ಹೆಂಚಿನ ಮಾಡಿನ ಎರಡಂತಸ್ತಿನ ಮನೆ ಕಂಡಾಗ ಅಪ್ಪ, "ಇದೇನಾ ಅರಮನೆ?" ಎಂದರು.

ಅರಮನೆ ನೋಡಿಕೊಳ್ಳುವ ಹಿರಿಯರೊಬ್ಬರು ನಕ್ಕರು. "ಮೆರೀಲಿಕ್ಕೆ ಕಟ್ಟಿದ್ದಲ್ಲ ಅಣ್ಣ, ಜೀವ ಉಳಿಸ್ಲಿಕ್ಕೆ ಕಟ್ಟಿದ್ದು."

ಶತ್ರುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊರೆ ಈ ಕಾಡಿನ ಮರೆಯನ್ನು ಆರಿಸಿಕೊಂಡನಂತೆ. ಅವನ ಮದುವೆ ನಡೆದದ್ದೂ ಇಲ್ಲೇ. ಎದುರಿನ ಪುಟ್ಟ ಮಂಟಪ ಅದಕ್ಕೆಂದೇ ಕಟ್ಟಿಸಿದ್ದು. ಆ ವಂಶದ ಕೊನೆಯ ದೊರೆಯೂ ಇಂಗ್ಲಿಷರ ದಂಡು ಬಂದಾಗ ಇಲ್ಲಿಗೇ ಬಂದು ಅಡಗಿದ್ದನಂತೆ. ಮಾಸಿದ ಬಣ್ಣದ ಚಿತ್ರಗಳನ್ನು ತೋರಿಸುತ್ತ ಅವರು ನಮ್ಮನ್ನು ಒಂದು ಕತ್ತಲ ಕೋಣೆಯ ಮುಂದೆ ನಿಲ್ಲಿಸಿದರು. "ಒಳಗೆ ಕೂತವರಿಗೆ ಬರುವವರು ಕಾಣ್ತಾರೆ. ಬರುವವರಿಗೆ ಒಳಗೆ ಎಂತದೂ ಕಾಣುದಿಲ್ಲ."

"ಹಂಗೆಲ್ಲಾ ಇರುತ್ತಾ?" ಎಂದು ಅಪ್ಪ ಮಂಟಪ ನೋಡಲು ಹೊರಗೆ ಹೋದರು. ಅವರ ಬೆನ್ನು ಮರೆಯಾದದ್ದೇ ತಡ, ಅವ್ವ ನನಗೆ ಕಣ್ಣು ಹೊಡೆದು ಒಳಗೆ ನುಸುಳಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. "ಎಲ್ಲಿ ನಿಮ್ಮವ್ವ?"

"ಇಲ್ಲೇ ಇದ್ಳಲ್ಲ" ಎಂದೆ. ಅಪ್ಪ ಕತ್ತಲ ಕೋಣೆಗೆ ಇಣುಕಿದರು, ಏನೂ ಕಾಣಲಿಲ್ಲ. ಮಹಡಿ ಹತ್ತಿ ಇಳಿದರು. ಹೊರಗೆ ಕಾಡಿನ ಕಡೆಗೆ ನೋಡಿದವರ ಮುಖ ಕಳೆಗುಂದಿತು. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಅಂಗಳದ ನಡುವೆ ನಿಂತು ಅವ್ವನ ಹೆಸರು ಹಿಡಿದು ಗಟ್ಟಿಯಾಗಿ ಕರೆದರು.

ನಾನು ಬೆಪ್ಪಾದೆ. ಅಲ್ಲಿಯವರೆಗೆ ಅವ್ವನನ್ನು ಕರೆಯಲು 'ಇವಳೇ', 'ಕೇಳಿಸ್ತಾ' ಬಿಟ್ಟು ಬೇರೇನೂ ಅವರ ಬಾಯಲ್ಲಿ ಬಂದದ್ದಿಲ್ಲ. ಕೋಣೆಯ ಬಾಗಿಲಿಗೆ ಓಡಿ, "ಅವ್ವಾ, ಸಾಕು ಬಾ, ಹೆದ್ರಿದಾರೆ" ಎಂದು ಪಿಸುಗುಟ್ಟಿದೆ.

ಕತ್ತಲೊಳಗಿಂದ ಉತ್ತರ ಬಂತು. "ಶ್... ತಡಿ. ಇನ್ನೊಂದ್ ಸಲ ಕರೀಲಿ."

ಅಪ್ಪ ಇನ್ನೊಂದು ಸಲ ಕರೆದರು. ಅವ್ವ ತಲೆಗೆ ಜೇಡರ ಬಲೆ ಮೆತ್ತಿಕೊಂಡು, ನಗು ತಡೆಯಲಾರದೆ ಹೊರಬಂದಳು. "ಬುದ್ಧಿ ಐತಾ ನಿಂಗೆ? ಈ ವಯಸ್ನಲ್ಲಿ!" ಎಂದು ಅಪ್ಪ ರೇಗಿದರು. ಆಮೇಲೆ ತಾವೇ ಮುಂದೆ ಬಂದು ಅವಳ ಕೂದಲಿನಿಂದ ಬಲೆ ಬಿಡಿಸಿದರು. ಬಿಡಿಸುತ್ತ ಬಿಡಿಸುತ್ತ ಅವರಿಗೂ ನಗು ಬಂತು.

ಮಂಟಪದ ಹತ್ತಿರ ಕೂತು ಚಿತ್ರಾನ್ನ ತಿನ್ನುವಾಗ ಅಪ್ಪ ಆ ಹಿರಿಯರನ್ನು ಕೇಳಿದರು. "ಅಲ್ಲ ಯಜಮಾನ್ರೇ, ಆ ದೊರೆ ಹೆಂಡ್ತೀನ ಏನಂತ ಕರೀತಿದ್ದ?"

"ಅದೊಂದು ಯಾರೂ ಬರೆದಿಟ್ಟಿಲ್ಲ ಅಣ್ಣ" ಎಂದರು ಅವರು, ನಾವು ಕೊಟ್ಟ ಚಿತ್ರಾನ್ನದ ಎಲೆಯನ್ನು ಬಿಚ್ಚುತ್ತ.

ಜೀಪು ಹೊರಟುಹೋಗಿತ್ತು. ಹೂವಿನ ಘಮದಲ್ಲಿ ಇಳಿಜಾರು ದಾರಿ ಹಿಡಿದು ನಡೆದೆವು. ಅವರಿಬ್ಬರೂ ಮುಂದೆ ಹೋಗಲಿ ಎಂದು ನಾನು ಬೇಕೆಂದೇ ಹಿಂದುಳಿದೆ.