ಕಾಜಿಯಾ ಬಿದ್ದ ಜಾಗ

ವುಚ್ ನಗರದ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ನೇಯ್ದ ಲೆಯೋಕಾದಿಯಾ ಅತ್ತೆ ನಮ್ಮ ಪಕ್ಕದ ಮನೆಯವಳು. ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿತ್ತು. ಅಲ್ಲಿನ ಹೆಂಗಸರು ಒಬ್ಬರ ತುಟಿ ನೋಡಿ ಇನ್ನೊಬ್ಬರು ಮಾತಾಡುತ್ತಿದ್ದರು. ಎದುರಿನ ಮಗ್ಗ ಅವಳ ತಂಗಿ ಕಾಜಿಯಾಳದು. ಒಂದು ಬೇಸಿಗೆಯ ಮಧ್ಯಾಹ್ನ ಕಾಜಿಯಾ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಅತ್ತೆಯ ನೂಲು ಹರಿಯಿತು. ಬಗ್ಗಿ ಗಂಟು ಹಾಕಿ ತಲೆಯೆತ್ತಿದಾಗ ತಂಗಿ ತನ್ನ ಮಗ್ಗದ ಪಕ್ಕದ ಕಂಬದ ಬುಡದಲ್ಲಿ ಬಿದ್ದಿದ್ದಳು. ಅವಳ ಹೃದಯ ನಿಂತಿತ್ತು, ಮಗ್ಗಗಳು ನಿಂತಿರಲಿಲ್ಲ.

ಅಂದಿನಿಂದ ಪ್ರತಿ ನವೆಂಬರ್ ಒಂದರಂದು, ಸತ್ತವರಿಗೆ ದೀಪ ಹಚ್ಚುವ ದಿನ, ಅತ್ತೆ ಸಮಾಧಿಗೊಂದು, ಆ ಕಂಬಕ್ಕೊಂದು ದೀಪ ಇಡುತ್ತಿದ್ದಳು. ಗಿರಣಿ ಮುಚ್ಚಿದ ಮೇಲೂ ಕಾವಲಿನವರು ಒಳಗೆ ಬಿಡುತ್ತಿದ್ದರು. ಆಮೇಲೆ ಅದನ್ನು ಮನೆಗಳಾಗಿ ಮಾಡಿ ಮಾರಿದರು. ನಾಲ್ಕು ವರ್ಷ ಗೇಟಿನ ಹೊರಗಿಟ್ಟ ದೀಪವನ್ನು ಪ್ರತಿ ಸಲವೂ ಸಂಜೆಯೊಳಗೆ ಕಸದವರು ಎತ್ತಿ ಎಸೆದರು.

"ಸಾಯೋದ್ರೊಳಗೆ ಒಂದೇ ಒಂದ್ಸಲ ಅಲ್ಲೇ ಹಚ್ಬೇಕು ಕಣೇ" ಎಂದಳು ನನಗೆ.

ಅತ್ತೆಯ ಮಗ್ಗವಿದ್ದ ಮೂರನೇ ಮಹಡಿಯ ಮೂಲೆ ಈಗ ದಾಗ್ನಾ ಎಂಬ ಹಲ್ಲಿನ ಡಾಕ್ಟರ ಮನೆ. ನಾನು ಕಾಗದ ಬರೆದೆ. ಅವರು ಬನ್ನಿ ಎಂದರು, ಕೇಕ್ ಮಾಡಿಟ್ಟುಕೊಂಡು ಕಾದರು. ಮಲಗುವ ಕೋಣೆಯನ್ನೂ ತೋರಿಸಿದರು.

"ಇಷ್ಟು ದುಡ್ಡು ಕೊಟ್ಟು ಇಲ್ಲಿ ಮಲಗ್ತೀಯೇನಮ್ಮಾ? ನಾವು ತೂಕಡಿಸಿದ್ರೆ ಮೇಸ್ತ್ರಿ ಸಂಬಳ ಹಿಡೀತಿದ್ದ" ಎಂದಳು ಅತ್ತೆ. ದಾಗ್ನಾ ನಕ್ಕರು.

ಆಮೇಲೆ ಅತ್ತೆ ಎಣಿಸಲು ನಿಂತಳು. ಬಾಗಿಲಿನಿಂದ ಹನ್ನೊಂದನೆಯ ಮಗ್ಗ ಅವಳದು, ಅದರೆದುರು ತಂಗಿಯದು. ಗಿರಣಿಯಲ್ಲಿ ಯಾರೂ ಕಂಬ ಎಣಿಸಿದವರಲ್ಲ, ಮಗ್ಗವನ್ನೇ ಎಣಿಸುತ್ತಿದ್ದರು. ಗಿರಣಿ ಮುಚ್ಚಿದ ಮೇಲೂ ನೆಲದಲ್ಲಿ ಮಗ್ಗದ ಮೊಳೆ ಹೊಡೆದ ತೂತುಗಳಿದ್ದವು; ಈಗ ಅವುಗಳ ಮೇಲೆ ಹೊಸ ಹಲಗೆ. ಹಳೆಯ ಬಾಗಿಲನ್ನು ಗೋಡೆ ನುಂಗಿತ್ತು. ಉಳಿದದ್ದು ಒಂದೇ ಅಚ್ಚಿನ ಐದು ಕಬ್ಬಿಣದ ಕಂಬಗಳು. ಗೋಡೆಯಾಚೆ ಬೇರೆಯವರ ಮನೆಯಲ್ಲಿ ಇನ್ನಷ್ಟು. ಅತ್ತೆ ಒಂದೊಂದನ್ನೂ ಮುಟ್ಟಿದಳು. ಮೊದಲನೆಯದಕ್ಕೆ ಮತ್ತೆ ಬಂದಳು.

"ಯಾವುದಕ್ಕಾದ್ರೂ ಹಚ್ಚಿ ಅಮ್ಮಾ, ನಿಮ್ಮ ತಂಗಿಗೆ ಗೊತ್ತಾಗುತ್ತೆ" ಎಂದರು ದಾಗ್ನಾ, ಮೆಲ್ಲಗೆ, ಮುಖಕ್ಕೆ ಮುಖ ಕೊಟ್ಟು.

"ನಂಗೆ ಗೊತ್ತಾಗಲ್ವಲ್ಲಮ್ಮಾ" ಎಂದಳು ಅತ್ತೆ.

ಬೆಂಕಿಪೊಟ್ಟಣ ಚೀಲದಿಂದ ಹೊರಗೆ ಬರಲಿಲ್ಲ. ಹಳೆಯ ನಕ್ಷೆ ಹುಡುಕಿಸುವೆನೆಂದು ದಾಗ್ನಾ ಹೇಳಿದಾಗ ಮರ್ಯಾದೆಗೆ ತಲೆಯಾಡಿಸಿ, ಕೇಕು ತಿಂದು ಬಂದಳು.

ಮುಂದಿನ ನವೆಂಬರಿನಲ್ಲಿ ನಾನು ಎರಡು ದೀಪ ಕೊಂಡೊಯ್ದೆ. ಅತ್ತೆ ಸಮಾಧಿಗೆಂದು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಕ್ಕೆ ಕೊಟ್ಟಳು.