ಎಲ್ಲಿ ಕೂತರೂ ಗೋರೆಗಾಂವ್

ಬೆಳಗಿನ ಐದೂವರೆ. ಗೋರೆಗಾಂವ್‌ನ ವಿಶ್ವವಿದ್ಯಾಲಯವೊಂದರ ನೆಲಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಹೊರಗಿನ ಆಕಾಶ ಇನ್ನೂ ಕಪ್ಪೂ ಅಲ್ಲ, ನೀಲಿಯೂ ಅಲ್ಲ. ಒಳಗೆ ಮಹಾದೇವಿಯವರ ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಹಸಿರಾಗುತ್ತಿವೆ. ಒಬ್ಬರು ಟೊರೊಂಟೊದವರು, ಇನ್ನೊಬ್ಬರು ಸಿಡ್ನಿಯವರು.

ಮಹಾದೇವಿ ಇಲ್ಲಿನ ವಿಪಿಎನ್ ಸಹಾಯ ಕೇಂದ್ರದ ಬೆಳಗಿನ ಪಾಳಿಯವರು. ಪರದೇಶಕ್ಕೆ ಹೋದವರು ಇಲ್ಲಿಯ ಗ್ರಂಥಾಲಯ ಬಳಸಬೇಕಾದರೆ, ಪ್ರಬಂಧ ಸಲ್ಲಿಸಬೇಕಾದರೆ ವಿಪಿಎನ್ ಎಂಬ ಕಾವಲಿನ ದಾರಿಯಲ್ಲೇ ಬರಬೇಕು. ಬಂದರೆಂದರೆ ಪರದೆಯ ಮೇಲೆ ಹೆಸರು ಹಸಿರಾಗುತ್ತದೆ; ಅವರು ಎಲ್ಲಿ ಕೂತಿದ್ದರೂ ಕಂಪ್ಯೂಟರ್ ಪಾಲಿಗೆ ಗೋರೆಗಾಂವ್‌ನಲ್ಲೇ ಕೂತ ಹಾಗೆ. ಇವರ ಕೆಲಸ ನೋಡಿ ಬರೆಯಲು ಬಂದ ನನಗಂತೂ ಇದು ಅಜ್ಜಿ ಕಥೆಯಂತೆ ಕೇಳುತ್ತದೆ. ದಿನಕ್ಕೆ ಅರವತ್ತು ಕರೆ ಬರುತ್ತವೆ. ಕೆಲಸ ಮುಗಿದ ಮೇಲೆ ಮಹಾದೇವಿ ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: "ನಿಮ್ಮ ಕಿಟಕ್ಯಾಗ ಏನ್ ಕಾಣ್ತೈತ್ರಿ?" ಪಾಸ್‌ಪೋರ್ಟೇ ಇಲ್ಲದ ಈ ಹೆಂಗಸು ಹನ್ನೊಂದು ವರ್ಷಗಳಿಂದ ಲೋಕವನ್ನು ಹೀಗೆ ಕಿಟಕಿ ಕಿಟಕಿಯಾಗಿ ನೋಡುತ್ತಿದ್ದಾರೆ.

ತಂದೆ ಅಣವೀರಪ್ಪ ಬಾಗಲಕೋಟೆ ಕಡೆಯಿಂದ ಟೈಲ್ಸ್ ಕೂರಿಸುವ ಕೆಲಸಕ್ಕೆ ಬಂದವರು. ಮಲಾಡ್‌ನ ಚಾಳಿನಲ್ಲಿ ಬೆಳೆದ ಮಗಳು ಹತ್ತೊಂಬತ್ತಕ್ಕೆ ಇದೇ ಕಟ್ಟಡದ ಕಂಪ್ಯೂಟರ್ ಲ್ಯಾಬ್ ಗುಡಿಸುವ ಕೆಲಸಕ್ಕೆ ಸೇರಿದರು. ಲ್ಯಾಬ್ ನೋಡಿಕೊಳ್ಳುತ್ತಿದ್ದ ನೀಲಕಂಠಪ್ಪ ಮೇಷ್ಟ್ರು ಬಿಡುವಿನಲ್ಲಿ ಕೀಲಿಮಣೆ ಕಲಿಸಿ, ಪರೀಕ್ಷೆಗೂ ಕೂರಿಸಿದರಂತೆ. "ಇಂಗ್ಲಿಷ್‌ನ್ಯಾಗ ಎರಡು ಸಲ ಡುಮ್ಕಿ ಹೊಡದೀನ್ರಿ. ಮೂರನೇ ಸಲಕ್ಕ ಅದಕ್ಕ ನನ್ನ ಮ್ಯಾಲ ಕರುಣೆ ಬಂತು," ಎಂದು ನಗುತ್ತಾರೆ.

ಇವರದೊಂದು ವಿಚಿತ್ರ ಶಿಸ್ತಿದೆ. ಪರದೇಶಕ್ಕೆ ಹೊರಟವರನ್ನು ಗೇಟಿನಾಚೆಯ ಚಹಾ ಅಂಗಡಿಗೆ ಕರೆದೊಯ್ದು, ಮೊಬೈಲ್ ಡೇಟಾದಲ್ಲಿ ವಿಪಿಎನ್ ಹಾಕಿಸಿ ನೋಡುತ್ತಾರೆ. ಕ್ಯಾಂಪಸ್ಸಿನ ಒಳಗಿದ್ದವರಿಗೆ ಅದು ಫೋನಿಗೆ ಬರುವ ಕೋಡ್ ಕೇಳುವುದಿಲ್ಲ, ಹೊರಗಿದ್ದವರಿಗಷ್ಟೇ ಕೇಳುತ್ತದೆ. ಅತಿ ಬುದ್ಧಿವಂತರು ಹಾಸ್ಟೆಲ್ ಮಂಚದ ಮೇಲೇ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ವಿಮಾನ ಹತ್ತುತ್ತಾರೆ.

ಆ ಬುದ್ಧಿವಂತರಲ್ಲಿ ಒಬ್ಬಳು, ನಾನು ಅಲ್ಲಿ ಕೂತಿರುವಾಗಲೇ ಕರೆ ಮಾಡುತ್ತಾಳೆ. ಹೆಸರು ಧಾತ್ರಿ, ಇರುವುದು ಜಪಾನಿನ ಸಪ್ಪೊರೊದಲ್ಲಿ. ಐದು ವರ್ಷದ ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಇಂದು ಬೆಳಿಗ್ಗೆ ಎಂಟು ಗಂಟೆಯೇ ಕೊನೆ. ಕೋಡ್ ಹೋಗುವ ಸಿಮ್ ಘಾಟ್ಕೋಪರ್‌ನ ಮನೆಯಲ್ಲಿ, ಹಳೇ ಫೋನಿನಲ್ಲಿದೆ. ಅದಕ್ಕೆ ಜಪಾನಿನಿಂದ ಕರೆ ಹೋಗುತ್ತಿಲ್ಲ, ಅಮ್ಮನ ಸ್ವಂತ ಫೋನ್ ಸ್ವಿಚ್ ಆಫ್. ನಿಮ್ಮದೇ ಪಾಸ್‌ವರ್ಡ್ ಕೊಡಿ, ಎರಡು ನಿಮಿಷ ಸಾಕು ಎಂದು ಹುಡುಗಿ ಅಳುತ್ತಾಳೆ. ಮಹಾದೇವಿ ಕೊಡುವುದಿಲ್ಲ. ಕೊಟ್ಟುಬಿಡಬಾರದೇ ಎಂದು ನನಗೇ ಸಂಕಟವಾಗುತ್ತದೆ.

ಅವರು ಆ ಹಳೇ ಫೋನಿಗೇ ಕರೆ ಮಾಡುತ್ತಾರೆ. ಕೋಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಧಾತ್ರಿಯ ತಾಯಿ ಸರಸ್ವತಿ ಕರೆ ಕತ್ತರಿಸುತ್ತಾರೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ, "ನಿಮ್ಮಂಥ ಕಳ್ಳರನ್ನ ಬೇಕಾದಷ್ಟು ನೋಡಿದೀನಿ, ಪೊಲೀಸರಿಗೆ ಹೇಳ್ತೀನಿ," ಎನ್ನುತ್ತಾರೆ. ಗಡಿಯಾರದಲ್ಲಿ ಏಳೂವರೆ.

ಮಹಾದೇವಿಯ ದನಿ ಏರುವುದಿಲ್ಲ. "ನನಗ ಹೇಳಬ್ಯಾಡ್ರಿ ತಾಯಿ. ನಿಮ್ಮ ಸ್ವಂತ ಫೋನ್ ಚಾಲೂ ಮಾಡಿ, ನೀವ ಮಗಳಿಗೆ ವಿಡಿಯೋ ಕಾಲ್ ಮಾಡ್ರಿ. ಅಕಿ ಮುಖ ನೋಡಿ, ಅಕಿಗಷ್ಟ ಕೋಡ್ ಹೇಳ್ರಿ."

ನಾನು ಪರದೆಯನ್ನೇ ನೋಡುತ್ತಿದ್ದೇನೆ. ಏಳು ನಲವತ್ತೆರಡಕ್ಕೆ ಧಾತ್ರಿಯ ಹೆಸರು ಹಸಿರಾಗುತ್ತದೆ. ಹಿಮ ಬೀಳುತ್ತಿರುವ ಊರಿನ ಹುಡುಗಿ ಈಗ ಗೋರೆಗಾಂವ್‌ನಲ್ಲಿ ಕೂತಿದ್ದಾಳೆ. ಎಂಟಕ್ಕೆ ಐದು ನಿಮಿಷವಿರುವಾಗ ಪ್ರಬಂಧ ತಲುಪುತ್ತದೆ.

ಸ್ವಲ್ಪ ಹೊತ್ತಿಗೆ ಸರಸ್ವತಿಯವರೇ ಕರೆ ಮಾಡಿ, ಕಳ್ಳರು ಅಂದುಬಿಟ್ಟೆ, ತಪ್ಪಾಯಿತು ಎನ್ನುತ್ತಾರೆ. ಮಹಾದೇವಿ ಒಪ್ಪುವುದಿಲ್ಲ. ನೀವು ಫೋನ್ ಇಟ್ಟದ್ದೇ ಚಲೋ ಆಯಿತು, ಮುಂದೆಯೂ ಯಾರು ಕೇಳಿದರೂ ಹೀಗೇ ಇಟ್ಟುಬಿಡಿ ಎಂದು ಬುದ್ಧಿ ಹೇಳುತ್ತಾರೆ.

ಅಷ್ಟು ಅಳುತ್ತಿದ್ದಳಲ್ಲ, ಒಂದು ಸಲ ನಿಮ್ಮ ಪಾಸ್‌ವರ್ಡ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತೇನೆ. ಮಹಾದೇವಿ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ.

"ನನ್ನ ಹೆಸರಿಲೆ ಒಳಗ ಬಂದಿರತಿದ್ಲು. ಐದು ವರ್ಷ ಕಷ್ಟಪಟ್ಟಾಕಿ ಅಕಿ ಅಲ್ರೀ? ಅಕಿ ಹೆಸರಿಲೆ ಬರಬೇಕು."